ಎಡಗಿವಿಯ ಗುಟ್ಟು

ನನ್ನ ಎಡಗಿವಿ ಕೈಕೊಡುತ್ತಿದೆ ಎಂಬ ಗುಟ್ಟನ್ನು ನಾನು ಮೊದಲು ಹೇಳಿದ್ದು ಹೆಂಡತಿಗಲ್ಲ, ಫೋನಿಗೆ.

ಕಲಬುರಗಿಯಿಂದ ಹೈದರಾಬಾದಿಗೆ ಬಂದು, ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಇಪ್ಪತ್ತು ವರ್ಷದಿಂದ ಭೌತಶಾಸ್ತ್ರ ಹೇಳುತ್ತಿದ್ದೇನೆ. ಶಬ್ದದ ಅಲೆಗಳ ಪಾಠಕ್ಕೆ ನನ್ನದೇ ಹೆಸರು. ಅಂಥವನಿಗೆ ಎಡಗಡೆ ಬೆಂಚಿನ ಪ್ರಶ್ನೆಗಳೇ ಕೇಳಿಸದಂತಾದವು. ಗೊತ್ತಾದರೆ ಕೆಲಸ ಉಳಿಯುತ್ತದೋ ಇಲ್ಲವೋ! ಆ ಕಡೆಯಿಂದ ಯಾರ ಬಾಯಿ ಅಲ್ಲಾಡಿದರೂ "ಒಳ್ಳೆಯ ಪ್ರಶ್ನೆ, ನೀನೇ ಯೋಚಿಸು" ಎಂದು ಸಾಗಹಾಕುತ್ತಿದ್ದೆ. ಇದರಿಂದ ಬಹಳ ಆಳವಾದ ಮೇಷ್ಟ್ರು ಎಂಬ ಕೀರ್ತಿಯೂ ಬಂತು.

ಒಂದು ಸಂಜೆ ಬಸ್ಸಿನಲ್ಲಿ, ಪಕ್ಕದವರಿಗೆ ಕಾಣದಂತೆ ಕೈ ಅಡ್ಡ ಹಿಡಿದು, ಕಿವಿ ಮಂದವಾದರೆ ಏನು ಮಾಡಬೇಕೆಂದು ಫೋನಿನಲ್ಲಿ ಹುಡುಕಿ ಎರಡು ಪುಟ ಓದಿದೆ. ಅಷ್ಟೇ. ಮರುದಿನ ಬಂಧುಗಳ ಮಗುವಿನ ನಾಮಕರಣದ ಫೋಟೊ ನೋಡೋಣವೆಂದು ಆ್ಯಪ್ ತೆರೆದರೆ, ತೊಟ್ಟಿಲಿಗೂ ಅಜ್ಜಿಗೂ ನಡುವೆ ಕಿವಿಯ ಯಂತ್ರದ ಒಂದು ಜಾಹೀರಾತು! ಕುತೂಹಲದಿಂದ ಅರೆಗಳಿಗೆ ದಿಟ್ಟಿಸಿದೆ. ಸಂಜೆಗೆ ನಾಲ್ಕು ಯಂತ್ರಗಳಾದವು.

ಅದೇ ವಾರ, ಪಾಠದ ವಿಡಿಯೊ ತೋರಿಸಲು ನನ್ನ ಫೋನನ್ನು ತರಗತಿಯ ದೊಡ್ಡ ಪರದೆಗೆ ಜೋಡಿಸಿದೆ. ಅಲೆಗಳು ಬರುವ ಮುಂಚೆ ಜಾಹೀರಾತಿನ ಒಬ್ಬ ನಗುಮುಖದ ಮುದುಕ ಬಂದು, "ವಿನಪಡಟಂ ಲೇದಾ?" ಎಂದು ಬಲಗಿವಿಯೂ ಗುಂಯ್ ಎನ್ನುವಂತೆ ತೆಲುಗಿನಲ್ಲಿ ವಿಚಾರಿಸಿದ: ಕೇಳಿಸುತ್ತಿಲ್ಲವೇ? ತರಗತಿ ಘೊಳ್ಳೆಂದಿತು. "ಇದು ಯಾರ್ಯಾರಿಗೋ ಬರುತ್ತದೆ" ಎಂದು ನಾನೂ ನಕ್ಕೆ.

ಭಾನುವಾರ ಅಕ್ಕನ ಮಗಳು ರೇಖಾ ಮನೆಗೆ ಬಂದಳು. ಕೊಂಡಾಪುರದಲ್ಲಿ ಇಂಥ ಜಾಹೀರಾತು ಹಾಕಿಸುವ ಕಂಪನಿಯಲ್ಲೇ ಅವಳ ನೌಕರಿ. ಗೆಳೆಯನೊಬ್ಬನ ಫೋನಿಗೆ ಬರೀ ಕಿವಿಯ ಯಂತ್ರದ ಜಾಹೀರಾತೇ ಬರುತ್ತಿದೆ, ಏಕೆ ಎಂದು ಕೇಳಿದೆ. ನನ್ನ ಫೋನ್ ತೆಗೆದುಕೊಂಡು ಬೆರಳಾಡಿಸಿದಳು.

"ನಿಮ್ಮ ಗೆಳೆಯಾಂದು ಯಾವ ಕಿವಿರಿ ಮಾಮಾ?"

"ಎಡಗಿವಿ" ಎಂದೆ.

"ನೀವು ಓದಿದ ಪುಟಗೋಳು ಈ ಆ್ಯಪ್‌ನೋರಿಗೆ ಸುದ್ದಿ ಕೊಡ್ತಾವ್ರಿ. ಯಾವ ಚಿತ್ರದ ಮುಂದ ಎಷ್ಟೊತ್ತು ನಿಂತ್ರಿ, ಅದೂ ಅವರಿಗೆ ಗೊತ್ತು. ಇಂಥವರಿಗೇ ತೋರಸ್ರಿ ಅಂತ ಯಂತ್ರ ಮಾರೋರು ರೊಕ್ಕ ಕೊಡ್ತಾರ. ಆ್ಯಪ್ ಪುಕ್ಕಟೆ ಅಂತ ತಿಳಿದಿದ್ರೇನು?"

"ನನ್ನ ಹೆಸರು ಮಾರ್ತಾರೇನು?"

"ಹೆಸರು ಕಟ್ಕೊಂಡು ಏನ್ ಮಾಡ್ತಾರ್ರಿ? ನಿಮ್ಮ ಕಣ್ಣು ಸಿಕ್ಕರ ಸಾಕು."

ಆ್ಯಪ್‌ಗೆ ಕೊಟ್ಟಿದ್ದ ಅನುಮತಿಗಳನ್ನೆಲ್ಲ ಅವಳ ಕೈಯಿಂದಲೇ ಒಂದೊಂದಾಗಿ ಮುಚ್ಚಿಸಿದೆ. "ಪೂರಾ ನಿಲ್ಲಂಗಿಲ್ಲ, ಕಡಿಮಿ ಆಗತೈತಿ" ಎಂದಳು. ಹಾಗಾದರೆ ಉಳಿದದ್ದನ್ನು ನಾನೇ ಮುಗಿಸಬೇಕು ಎಂದುಕೊಂಡೆ. ಮನೆಯವರಿಂದ ಬಚ್ಚಿಟ್ಟ ಸಂಗತಿ ಗುರುತಿಲ್ಲದವರಿಗೆ ಸರಕಾಗಿತ್ತು. ಅದನ್ನು ಇನ್ನು ಗುಟ್ಟಾಗಿ ಇಡಬಾರದೆಂದು ಗಟ್ಟಿಯಾಗಿ ತೀರ್ಮಾನಿಸಿದೆ.

ರೇಖಾ ಹೋದ ಮೇಲೆ ಹೆಂಡತಿ ಶಾರದಾ ಸೊಪ್ಪು ಸೋಸುತ್ತಿದ್ದಲ್ಲಿಗೆ ಹೋದೆ. "ನನ್ನ ಎಡಗಿವಿ ಕೇಳಸವಲ್ದು" ಎಂದೆ.

"ಗೊತ್ತೈತ್ರಿ" ಎಂದಳು, ತಲೆ ಎತ್ತದೆ. "ಒಂದ ವರ್ಷ ಆತು, ಊಟಕ್ಕ ನಿಮ್ಮ ಬಲಗಡೆನ ಕುಂಡ್ರಾಕತ್ತೀನಿ."

"ಮತ್ತ ಹೇಳಲಿಲ್ಲಲ್ಲ?"

"ನೀವು ಭಾಳ ಮುಚ್ಚಾಕ ನೋಡ್ತಿದ್ರಿ. ನೀವ ಹೇಳೂತನಾ ಸುಮ್ಮನಿರೂಣು ಅಂದ್ಕೊಂಡೆ."

ನನ್ನನ್ನು ಇಷ್ಟು ಗಮನಿಸಿದವಳು ಅದರಿಂದ ಪಡೆದದ್ದೇನು? ದಿನಾ ತಟ್ಟೆ ಹಿಡಿದು ಇನ್ನೊಂದು ಬದಿಗೆ ಸುತ್ತಿ ಬರುವ ಕೆಲಸ.

ಸೋಮವಾರ ತರಗತಿಗೆ ಹೋದವನೇ, "ಆ ಜಾಹೀರಾತು ನನಗೇ ಬಂದದ್ದು. ಎಡಗಡೆಯವರು ಜೋರಾಗಿ ಕೇಳಿ" ಎಂದೆ. ಯಾರೂ ನಗಲಿಲ್ಲ. ಎಡಬದಿಯ ಒಬ್ಬ ಹುಡುಗಿ ಎದ್ದು, ಮೂರು ವಾರದ ಹಿಂದೆ ನಾನು ಸಾಗಹಾಕಿದ್ದ ಪ್ರಶ್ನೆಯನ್ನು ಗಟ್ಟಿಯಾಗಿ ಮತ್ತೆ ಕೇಳಿದಳು. ನಿಜಕ್ಕೂ ಒಳ್ಳೆಯ ಪ್ರಶ್ನೆ. ಉತ್ತರ ಹೇಳಲು ಅರ್ಧ ಗಂಟೆ ಹಿಡಿಯಿತು. ಕೆಲಸವೂ ಉಳಿಯಿತು, ಬೇಗ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದಷ್ಟೇ ಮಾಲೀಕರು ಹೇಳಿದರು.

ಬೇಗಂಪೇಟೆಯ ವೈದ್ಯರು ಪರೀಕ್ಷಿಸಿ ಯಂತ್ರ ಕೊಡಿಸಿದರು. ಕೊಂಡಾಯಿತು ಎಂಬುದು ತಿಳಿಯದೆ ಆ್ಯಪ್ ಇನ್ನೂ ಆಗಾಗ ಅದನ್ನೇ ತೋರಿಸುತ್ತದೆ. ಶಾರದಾಳಿಗೆ ಮಾತ್ರ ಎಲ್ಲವೂ ಗೊತ್ತು. ಈಗ ಅವಳು ಬೇಕೆಂದೇ ಎಡಗಡೆ ಬಂದು ನಿಂತು, ಮೆಲ್ಲಗೆ ಕೆಲಸ ಹೇಳುತ್ತಾಳೆ.