ಗುರುವಾರದ ಜ್ವರ

ಸ್ಲಾವೋನಿಯಾ ಸೀಮೆಯ ಒಂದು ಹಳ್ಳಿಯಲ್ಲಿ ಪ್ಲಮ್ ಸಾರಾಯಿ ವಾಸನೆ ಬಂತೆಂದರೆ ಡ್ರಾಗುಟಿನ್ ಬಂದನೆಂದೇ ಲೆಕ್ಕ. ಕುಡಿತ ಬಿಡುವವರ ಸಂಘ ಎಲ್ಲಿದೆಯೆಂದು ಅವನು ಯಾರನ್ನೂ ಕೇಳಬೇಕಿರಲಿಲ್ಲ. ಪಕ್ಕದ ಪೇಟೆಯ ಅಗ್ನಿಶಾಮಕ ಠಾಣೆಯ ಮಹಡಿ, ಗುರುವಾರ ಸಂಜೆ ಎಂದು ಹೆಂಡತಿ ಯಗೋಡಾ ವರ್ಷಗಟ್ಟಲೆ ತಲೆ ತಿಂದಿದ್ದಳು. ಕುಡಿಯುವವನ ಜೊತೆ ಮನೆಯವರೂ ಕೂರಬೇಕೆಂಬುದು ಅಲ್ಲಿಯ ಪದ್ಧತಿ. ಈ ಮಹಾರಾಯ ಒಮ್ಮೆಯೂ ಹೋಗಲಿಲ್ಲ. ಊರವರ ಕಣ್ಣು ತಪ್ಪಿಸಿ ಅವಳೊಬ್ಬಳೇ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು.

ಅವಳು ತೀರಿಕೊಂಡು, ಮಣ್ಣು ಮಾಡಿದ ನಂತರದ ಗುರುವಾರ, ಇವನು ಗಡ್ಡ ಹೆರೆದುಕೊಂಡು ಅದೇ ಬಸ್ಸು ಹತ್ತಿದ.

ಮಹಡಿಯಲ್ಲಿ ಎಲ್ಲರೂ ಜೋಡಿಜೋಡಿಯಾಗಿ ಕೂತಿದ್ದರು. ಇವನು ಹೆಸರು ಹೇಳಿದ್ದೇ ತಡ, ಕಾಫಿ ಬಗ್ಗಿಸುತ್ತಿದ್ದ ಮುದುಕಿ ಮಿಲ್ಕಾ ನಕ್ಕುಬಿಟ್ಟಳು.

"ಓಹೋ, ಯಗೋಡಾ ಯಜಮಾನ್ರು! ಅಂತೂ ಜ್ವರ ಬಿಡ್ತಾ ಮಾರಾಯ್ರೇ? 'ಇವತ್ತು ಅವ್ರಿಗೆ ಜ್ವರ, ಮುಂದಿನ ವಾರ ಖಂಡಿತ ಬರ್ತಾರೆ' ಅಂತ ಪ್ರತಿ ಗುರುವಾರ ಹೇಳ್ತಿದ್ಲು ಪಾಪ."

ಯಾರೋ ಎರಡು ಕುರ್ಚಿ ಎಳೆದು ಹಾಕಿದರು.

"ಅವಳೆಲ್ಲಿ, ಕೆಳಗೇ ನಿಂತ್ಲಾ?" ಮಿಲ್ಕಾ ಬಾಗಿಲ ಕಡೆ ನೋಡಿದಳು.

ಡ್ರಾಗುಟಿನ್ ಒಂದು ಕುರ್ಚಿಯಲ್ಲಿ ಕೂತು, ಇನ್ನೊಂದರ ಮೇಲೆ ಟೋಪಿ ಇಟ್ಟ.

"ಇವತ್ತು ಅವಳಿಗೆ ಜ್ವರ," ಎಂದ. "ಮುಂದಿನ ವಾರ ಖಂಡಿತ ಬರ್ತಾಳೆ."