ವಸ್ತಾದನ ದಮ್ಮು

ಬಿಳೂರಿನ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಗಂಡಸರು ದಂಡ ಹೊಡೆದರೆ, ಬೈಠಕ ತೆಗೆದರೆ ಅದಕ್ಕೆ ಕಸರತ್ತು ಎನ್ನುತ್ತಿದ್ದರು. ಮಲಕವ್ವ ನಸುಕಿನಲ್ಲೆದ್ದು ಜೋಳ ಬೀಸಿ, ಹಳ್ಳದಾಚೆಯ ಬಾವಿಯಿಂದ ಕೊಡದ ಮೇಲೆ ಕೊಡ ಹೊತ್ತು ತಂದು, ಸಗಣಿ ಬಳಿದು, ಬುಟ್ಟಿ ತುಂಬ ರೊಟ್ಟಿ ಬಡಿದರೆ ಅದಕ್ಕೆ ಯಾರೂ ಏನೂ ಎನ್ನುತ್ತಿರಲಿಲ್ಲ. ಹೆಸರೇ ಇಲ್ಲದ ಕೆಲಸಕ್ಕೆ ದಣಿವಾದರೂ ಯಾಕೆ ಇರಬೇಕು ಅಂತ ಊರಿನ ತಿಳಿವಳಿಕೆ. ಊರಿಗೇನು, ಬೀಸುಕಲ್ಲಿನ ಗೂಟ ಹಿಡಿದವರಿಗೆ ಗೊತ್ತು. ನಲವತ್ತು ದಾಟಿದ ಮೇಲೆ ಮಲಕವ್ವನಿಗೆ ಕೂತರೆ ಏಳುವುದು ಬೇಡ, ಎದ್ದರೆ ಕೂರುವುದು ಬೇಡ ಎನಿಸುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಗಂಡ ಸೋಮನಿಂಗಪ್ಪ ಆ ತಾಲೀಮಿನ ವಸ್ತಾದ. ಊರಿನ ಹುಡುಗರಿಗೆಲ್ಲ ಕುಸ್ತಿ ಕಲಿಸಿದ ಗುರು. ಸಂಸ್ಥಾನದ ಕಾಲದಲ್ಲಿ ಜತ್ತದಲ್ಲಿ ಬೆಳ್ಳಿ ಕಡಗ ಗೆದ್ದವನು. ಸಂಸ್ಥಾನ ಹೋಯಿತು, ಮುಂಬೈ ಸರಕಾರ ಬಂತು, ಕಡಗ ಮಾತ್ರ ಕೈಯಲ್ಲೇ ಉಳಿಯಿತು. ಅವನ ಬಾಯಿಂದ ಹೊಗಳಿಕೆ ಎಂದರೆ ಒಂದೇ ಮಾತು: ‘ದಮ್ಮ ಐತಿ.’ ಪಟ್ಟು ತಪ್ಪಿದರೂ ನಡೆದೀತು, ಪೈಲವಾನನಿಗೆ ದಮ್ಮಿರಬೇಕು. ಆ ಮಾತು ಕೇಳಿಸಿಕೊಂಡವನು ಅವತ್ತು ಮನೆಗೆ ಹೋಗಿ ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದ.

ಹೆಂಗಸರ ಬಾಯಲ್ಲಿ ಅದೇ ಮಾತಿನ ಅರ್ಥ ಬೇರೆ, ಉಬ್ಬಸದ ಬೇನೆ. ಮಲಕವ್ವನ ಅಪ್ಪ ಉಮದಿಯಲ್ಲಿ ದಮ್ಮಿನಿಂದ ಸತ್ತವನು. ಚಳಿಗಾಲ ಬಂದರೆ ಸಾಕು, ಕೌದಿಯ ಗಂಟಿಗೆ ಎದೆ ಆನಿಸಿ ಕೂತು, ಉಸಿರನ್ನು ಸೇದುವ ಹಗ್ಗದ ಹಾಗೆ ಎಳೆದು ಎಳೆದು ತೆಗೆಯುತ್ತಿದ್ದ. ಆ ಸಪ್ಪಳವನ್ನು ಅವಳು ಮರೆತಿರಲಿಲ್ಲ. ಎರಡು ವರ್ಷದಿಂದ ಅದೇ ಸಪ್ಪಳ ಗಂಡನ ಎದೆಯಲ್ಲಿ ಕೇಳುತ್ತಿತ್ತು.

ತಾಲೀಮಿನ ನಡುವೆ ಮಟ್ಟಿ, ಅಂದರೆ ಕುಸ್ತಿ ಆಡುವ ಕೆಂಪು ಮಣ್ಣಿನ ಕಣ. ದಿನಾ ಮುಂಜಾನೆ ಅದನ್ನು ಗುದ್ದಲಿಯಿಂದ ಅಗೆದು ಸಡಿಲ ಮಾಡುವುದು ವಸ್ತಾದನ ಕೆಲಸ. ಕಿಟಕಿಯಿಲ್ಲದ ಆ ಮನೆಯಲ್ಲಿ ಧೂಳು ಎದ್ದರೆ ಒಬ್ಬರ ಮುಖ ಒಬ್ಬರಿಗೆ ಕಾಣದು. ಸೋಮನಿಂಗಪ್ಪ ಅಗೆದು ಹೊರಗೆ ಬರುತ್ತಿದ್ದ, ಬೇವಿನ ಗಿಡದ ಮರೆಗೆ ಹೋಗಿ ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಲ್ಲುತ್ತಿದ್ದ. ಯಾರಾದರೂ ಕಂಡರೆ ಧೋತರ ಸರಿಮಾಡಿಕೊಳ್ಳುವ ಹಾಗೆ ನಟಿಸುತ್ತಿದ್ದ. ಮಹಾ ನಟ. ಮಜ್ಜಿಗೆ ಕೊಡ ಇಡಲು ಬಂದ ಹೆಂಡತಿಗೆ ಕಾಣುವುದಿಲ್ಲ ಅಂತ ತಿಳಿದಿದ್ದ.

ಕಡೆಗೆ ಅವಳೇ ಹಟ ಹಿಡಿದು ಜತ್ತದ ಬಸ್ಸಿಗೆ ಹತ್ತಿಸಿದಳು. ದವಾಖಾನೆಯಲ್ಲಿ ಅವನೊಬ್ಬನೇ ಒಳಗೆ ಹೋದ. ಮಲಕವ್ವ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಹೊರಗೆ ಬಾಂಕಿನ ಮೇಲೆ ಕೂತಳು. ಬಹಳ ಹೊತ್ತಾದ ಮೇಲೆ ಅವನು ನಗುತ್ತ ಹೊರಗೆ ಬಂದ. ಕೈಯಲ್ಲಿ ಗುಳಿಗೆಯ ಪೊಟ್ಟಣ ಇತ್ತು.

“ಏನಂದ್ರು ಡಾಕ್ಟರು?”

“ಏನಂತಾನ? ಎದಿಗಿ ನಳಗಿ ಹಚ್ಚಿ ಕೇಳಿದ. ವಸ್ತಾದ, ನಿಮಗ ದಮ್ಮ ಐತಿ ಅಂದ.” ಎದೆ ತಟ್ಟಿಕೊಂಡು ತೋರಿಸಿದ. “ದಮ್ಮ ಐತಿ ಅಂತ, ಕೇಳಿದೇನ?”

ಅವಳಿಗೆ ಅಪ್ಪನ ನೆನಪಾಯಿತು. ಡಾಕ್ಟರು ಬೇನೆಯ ಹೆಸರು ಹೇಳಿದ್ದಾನೆ, ಈ ಹುಚ್ಚಪ್ಪ ಅದನ್ನು ಶಾಭಾಸಕಿ ಅಂತ ಕೇಳಿಸಿಕೊಂಡು ಬಂದಿದ್ದಾನೆ. ಹೇಳಬೇಕೆಂದು ಬಾಯಿ ತೆರೆದಳು. ಆದರೆ ಅವನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಮನೆ ಮುಟ್ಟಲಿ, ಹೇಳಿದರಾಯಿತು ಅಂದುಕೊಂಡಳು. ಮನೆ ಮುಟ್ಟಿದ ಮೇಲೆ, ಉಣ್ಣಲಿ ಅಂದುಕೊಂಡಳು. ಉಂಡ ಮೇಲೆ ಅವನು ತಾಲೀಮಿಗೆ ಹೋಗಿಬಿಟ್ಟ. ಹೀಗೆ ಒಂದು ಸುಗ್ಗಿಯೇ ಕಳೆಯಿತು.

ಊರೆಲ್ಲ ಅದೇ ಸುದ್ದಿ. ವಸ್ತಾದನಿಗೆ ದಮ್ಮಿದೆ ಅಂತ ಜತ್ತದ ಡಾಕ್ಟರನೇ ಹೇಳಿದ್ದಾನಂತೆ. ಹುಡುಗರು ಹುರುಪಿನಿಂದ ಇನ್ನಷ್ಟು ದಂಡ ಹೊಡೆದರು, ಅವರ ಮುಂದೆ ವಸ್ತಾದನೂ ಹೊಡೆಯಬೇಕಾಯಿತು. ಆ ಬಿಳಿ ಗುಳಿಗೆ ತಾಕತ್ತಿನದು ಎಂದು ಹೇಳಿ, ಒಂದನ್ನು ಬಾಯಿಗೆ ಹಾಕಿಕೊಂಡೇ ಮಟ್ಟಿಗೆ ಇಳಿಯುತ್ತಿದ್ದ. ಮಲಕವ್ವ ಒಲೆಯ ಮುಂದೆ ಕೂತು ದಿನಾ ಅದೇ ಮಾತನ್ನು ನುಂಗುತ್ತಿದ್ದಳು. ಹೇಳಿದರೆ ಗಂಡನ ನಗು ಹೋಗುತ್ತದೆ, ಹೇಳದಿದ್ದರೆ ಗಂಡನೇ ಹೋಗುತ್ತಾನೆ. ಇಷ್ಟು ಗೊತ್ತಿದ್ದೂ ಬಾಯಿ ಬರಲಿಲ್ಲ ಅವಳಿಗೆ. ಸಿಟ್ಟು ಬರುತ್ತದೆ ನೋಡಿ, ಆದರೆ ದಣಿದ ಮನುಷ್ಯರು ಹಾಗೆಯೇ ಇರುತ್ತಾರೆ.

ಒಂದು ದಿನ ಮಟ್ಟಿ ಅಗೆಯುತ್ತಿದ್ದಾಗಲೇ ಅವನು ಗುದ್ದಲಿಯ ಮೇಲೆ ಕುಸಿದ. ಗುರಪ್ಪ ಎಂಬ ದೊಡ್ಡ ಶಿಷ್ಯ ಅವನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದ. ತುಟಿ ನೀಲಿಯಾಗಿತ್ತು. ಮಲಕವ್ವ ಅವನನ್ನು ಕೂರಿಸಿ, ಕೌದಿಯ ಗಂಟಿಗೆ ಎದೆ ಆನಿಸಿದಳು. ಕೈಗೆ ಆ ಕೆಲಸ ಮೊದಲೇ ಗೊತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಉಸಿರು ಸ್ವಲ್ಪ ದಾರಿಗೆ ಬಂತು, ಗುರಪ್ಪನೂ ಎದ್ದು ಹೋದ.

“ಡಾಕ್ಟರ ಹೇಳಿದ್ದು ಶಾಭಾಸಕಿ ಅಲ್ರಿ,” ಅಂದಳು. “ಅದು ಬ್ಯಾನಿ. ನಮ್ಮಪ್ಪಗ ಇತ್ತಲ್ಲ, ಅದ.”

ಅವನು ನೆಲ ನೋಡುತ್ತಿದ್ದ. “ಗೊತ್ತೈತಿ.”

“ಯಾವಾಗಿಂದ?”

“ಅಂವ ಹೇಳಿದಾಗಿಂದ. ಮಟ್ಟಿ ಧೂಳ ನಿನಗ ವಿಷ, ಗುದ್ದಲಿ ಮುಟ್ಟಬ್ಯಾಡ, ಮುಂಜಾನೆ ಬಯಲಾಗ ಮೆಲ್ಲಕ ಅಡ್ಡಾಡು, ನಿನಗ ಅಷ್ಟ ಕಸರತ್ತು ಸಾಕು ಅಂದ. ಎಲ್ಲಾ ಬಿಡಿಸಿ ಹೇಳಿದ.”

“ಮತ್ತ ನಗಕೋತ ಯಾಕ ಬಂದ್ರಿ?”

ಅವನು ಉಸಿರಿಗಾಗಿ ತಡೆದ. “ನೀ ತಿಳಕೊಂಡು ಬೈತಿ ಅಂತ ಮಾಡಿದ್ನಿ. ನಿಮ್ಮಪ್ಪನ್ನ ನೋಡಿದಾಕಿ ನೀ. ತಾಲೀಮ ಸಾಕು ಅಂತ ಜಗಳಾ ತಗೀತಿ, ಕೈ ಹಿಡದ ಕುಂಡ್ರಸ್ತಿ ಅಂತ ದಾರಿ ನೋಡಿದ್ನಿ. ನೀ ಸುಮ್ಮನ ಕುಂತಿ. ನಾನಾಗಿ ಹೆಂಗ ಬಿಡ್ಲಿ? ವಸ್ತಾದಗ ದಮ್ಮ ಇಲ್ಲ ಅಂತಾರ ಮಂದಿ.”

 ಅವನ ನಗು ಉಳಿಸುತ್ತೇನೆ ಅಂತ ಅವಳು ಬಾಯಿ ಮುಚ್ಚಿದ್ದಳು, ಅವಳು ಬಾಯಿ ತೆರೆಯಲಿ ಅಂತ ಅವನು ನಕ್ಕಿದ್ದ. ಅಳು ಬಂತು, ಅಳುವುದಕ್ಕೂ ಸಾಕಾಗಿತ್ತು.

ಮೈ ನೆಟ್ಟಗಾದ ಮೇಲೆ ಅವನು ಮತ್ತೆ ತಾಲೀಮಿಗೆ ಹೋದ. ಅವತ್ತು ಮಲಕವ್ವ ಬೀಸುವುದನ್ನು ಅರ್ಧಕ್ಕೇ ಬಿಟ್ಟು ಎದ್ದಳು. ತಾಲೀಮಿನೊಳಗೆ ಹೆಂಗಸರು ಕಾಲಿಡುವ ಹಾಗಿಲ್ಲ. ಇಷ್ಟು ವರ್ಷ ಮಜ್ಜಿಗೆ, ಎಣ್ಣೆ, ಅರಿಸಿನ ಹೊತ್ತು ತಂದರೂ ಕಟ್ಟೆಯ ಮೇಲಿಟ್ಟು ಕೂಗಿ ಹೋದವಳೇ ಹೊರತು ಹೊಸ್ತಿಲು ದಾಟಿದವಳಲ್ಲ. ಸೆರಗು ಬಿಗಿದು, ತಗ್ಗಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ನಡೆದೇಬಿಟ್ಟಳು. ಲಂಗೋಟಿಯ ಪೈಲವಾನರು ಕೈಗೆ ಸಿಕ್ಕ ಧೋತರ ಹಿಡಿದು ಮೂಲೆ ಸೇರಿದರು. ಕುಸ್ತಿಯಲ್ಲಿ ಅಷ್ಟು ಚುರುಕು ತೋರಿಸಿದ್ದರೆ ಎಷ್ಟೋ ಕಡಗ ಬರುತ್ತಿದ್ದವು.

ಸೋಮನಿಂಗಪ್ಪ ಗುದ್ದಲಿ ಹಿಡಿದು ನಿಂತಿದ್ದ. “ಹೆಂಗಸ್ರು ಬರೂ ಜಾಗಾ ಏನ ಇದು?”

“ಅಲ್ಲ. ಅದಕ್ಕ ಲಗೂನ ಹೊರಗ ಬರ್ರಿ. ನನ್ನ ಕೊಳ್ಳಾಗ ತಾಳಿ ಇರೂತನಾ ನೀವು ಈ ಮಟ್ಟಿ ಮುಟ್ಟಾಂಗಿಲ್ಲ.”

“ನೋಡ್ರಪಾ ಇಕಿ ಕಾಟ,” ಎಂದು ಅವನು ಎಲ್ಲರಿಗೂ ಕೇಳುವ ಹಾಗೆ ಗೊಣಗಿದ. “ಮಾತ ಕೇಳ್ಲಿಲ್ಲಂದ್ರ ಕೂಳ ಹಾಕಾಂಗಿಲ್ಲ.” ಮಾತು ಮುಗಿಯುವ ಮೊದಲೇ ಗುದ್ದಲಿ ಗುರಪ್ಪನ ಕೈಗೆ ಬಂದಿತ್ತು.

ಹೊರಗೆ ಬಂದವನು ಮನೆಯ ಕಡೆ ತಿರುಗಲಿಲ್ಲ, ಬಯಲಿನ ದಾರಿ ಹಿಡಿದ. ಡಾಕ್ಟರು ಹೇಳಿದ ಕಸರತ್ತು. ಮಲಕವ್ವ ಜೊತೆಗೆ ನಡೆದಳು. ತಲೆಯ ಮೇಲೆ ಕೊಡವಿಲ್ಲ, ಸೊಂಟದಲ್ಲಿ ಬುಟ್ಟಿಯಿಲ್ಲ, ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ ಅವಳಿಗೆ. ಹಳ್ಳದ ಏರಿ ಬರುವಷ್ಟರಲ್ಲಿ ಅವನ ಎದೆ ಮತ್ತೆ ಸಪ್ಪಳ ಮಾಡಿತು. ಎದುರಿಗೆ ಕುರಿ ಕಾಯುವವರು ಬರುತ್ತಿದ್ದರು. ಅವನು ಧೋತರಕ್ಕೆ ಕೈ ಹಾಕಿದ್ದನ್ನು ಕಂಡು ಅವಳೇ ದೊಡ್ಡದಾಗಿ ಅಂದಳು: “ಸಾಕಾತ್ರಿ ನನಗ. ಕುಂಡ್ರೂಣು.”

ಅವನ ಮರ್ಯಾದೆಗಾಗಿ ಆಡಿದ ಸುಳ್ಳು ಅದು. ಬಾಯಿಂದ ಹೊರಬಿದ್ದ ಕೂಡಲೇ ಅದು ನಿಜವಾಗಿಬಿಟ್ಟಿತು. ಕಲ್ಲಿನ ಮೇಲೆ ಕುಸಿದು ಕೂತವಳಿಗೆ ಏದುಸಿರು ಬರುತ್ತಿತ್ತು, ಕಣ್ಣಿಗೆ ಕತ್ತಲೆ ಕವಿದಿತ್ತು. ಕುರಿಯವರು ಶರಣ್ರಿ ಎಂದು ದಾಟಿ ಹೋದರು.

ಸೋಮನಿಂಗಪ್ಪ ಅವಳ ಮುಖವನ್ನು ನೋಡುತ್ತ ನಿಂತ. ಎಷ್ಟೋ ಹುಡುಗರ ದಮ್ಮನ್ನು ಅಳೆದ ಕಣ್ಣು ಅದು, ಈ ಮುಖದ ಮೇಲೆ ಒಮ್ಮೆಯೂ ನಿಂತಿರಲಿಲ್ಲ.

“ನಿನಗ ಎಂದಿನಿಂದ ಹಿಂಗ ಸಾಕಾಗೇತಿ?” ಎಂದು ಕೇಳಿದ.

“ಭಾಳ ದಿನ ಆತ್ರಿ,” ಅಂದಳು ಮಲಕವ್ವ, “ಯಾರೂ ಕೇಳಿರಲಿಲ್ಲ.”