ಕಡ್ಡಿ ಗೀರದ ಸೊಸೆ

ನನ್ನ ನಾಸ್ತಿಕತೆ ಒಂದು ಬೆಂಕಿಕಡ್ಡಿಯಷ್ಟು ಉದ್ದವಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾಸ್ತಿಕಳು ಎಂದ ಕೂಡಲೇ ಜನ ನನ್ನಿಂದ ಬಹಳ ದೊಡ್ಡದೇನನ್ನೋ ನಿರೀಕ್ಷಿಸುತ್ತಾರೆ. ಇವಳು ಎಲ್ಲಿ ಕೂತರೂ ವಾದಕ್ಕೆ ನಿಲ್ಲುತ್ತಾಳೆ, ಪ್ರಸಾದ ಕೊಟ್ಟರೆ ಪರೀಕ್ಷೆಗೆ ಕಳಿಸುತ್ತಾಳೆ ಎಂದುಕೊಳ್ಳುತ್ತಾರೆ. ನಾನು ಪ್ರಸಾದ ತಿನ್ನುತ್ತೇನೆ. ಸತ್ಯನಾರಾಯಣ ಪೂಜೆಯ ಸಜ್ಜಿಗೆಯಾದರೆ ಸಾಲಿನಲ್ಲಿ ಇನ್ನೊಮ್ಮೆ ನಿಂತು ಕೈಯೊಡ್ಡುತ್ತೇನೆ. ಬಾಳೆಹಣ್ಣು, ತುಪ್ಪ, ರವೆಗಳ ಆ ಮಿಶ್ರಣದ ಬಗ್ಗೆ ವಿಜ್ಞಾನಕ್ಕೆ ಯಾವ ತಕರಾರೂ ಇಲ್ಲ.

ಶಿವಮೊಗ್ಗದ ರವೀಂದ್ರನಗರದ ನಮ್ಮ ಮನೆಯಲ್ಲಿ ಒಂದು ದೇವರ ಕೋಣೆಯಿದೆ. ಅದರ ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುವವಳು ನಾನು. ಹತ್ತಿ ಬಿಡಿಸಿ ಬತ್ತಿ ಹೊಸೆಯುವವಳು ನಾನು. ಎಣ್ಣೆ ಹಾಕಿ, ಬತ್ತಿಯ ತುದಿ ನೆನೆಸಿ, ಬೆಂಕಿಪೊಟ್ಟಣವನ್ನು ಪಕ್ಕದಲ್ಲಿ ಇಡುವವಳೂ ನಾನೇ. ಅಲ್ಲಿಗೆ ನಿಲ್ಲುತ್ತೇನೆ. ಕಡ್ಡಿ ಗೀರುವುದಿಲ್ಲ. ಮದುವೆಯಾಗಿ ಈ ಮನೆತನಕ್ಕೆ ಬಂದ ದಿನದಿಂದ ಗೀರಿಲ್ಲ.

ಇದು ಹುಚ್ಚು ಹಠ ಎಂದು ನಮ್ಮನೆಯವರು ಹೇಳುತ್ತಾರೆ. ಅವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ದಿನಾ ಸಂಧ್ಯಾವಂದನೆ ಮಾಡುವವರು. "ಗ್ಯಾಸ್ ಒಲೆ ಹಚ್ತೀಯಲ್ಲ, ಅದೂ ಬೆಂಕೀನೇ ತಾನೆ?" ಎಂದು ಭೌತಶಾಸ್ತ್ರದ ಉಪನ್ಯಾಸಕಿಯಾಗಿದ್ದ ನನಗೇ ಪಾಠ ಹೇಳುತ್ತಾರೆ. ನಿಜ, ಎರಡೂ ಒಂದೇ ದಹನಕ್ರಿಯೆ. ಆದರೆ ಒಲೆ ಹಚ್ಚಿದರೆ ಅನ್ನವಾಗುತ್ತದೆ, ಅಷ್ಟೇ. ದೇವರ ಮುಂದೆ ದೀಪ ಹಚ್ಚಿದರೆ ಅದೊಂದು ಮಾತಾಗುತ್ತದೆ. 'ನೀನಿದ್ದೀಯ' ಎಂದು ಎದುರಿಗಿರುವವನಿಗೆ ಹೇಳಿದಂತೆ. ಆ ಮಾತು ನನ್ನೊಳಗೆ ಇಲ್ಲ. ಇಲ್ಲದ್ದನ್ನು ಹೇಗೆ ಹೇಳಲಿ?

ಇದನ್ನು ನಮ್ಮ ಅತ್ತೆಗೆ ಹೇಳಬೇಕಾಗಿ ಬಂದದ್ದು ಮದುವೆಯಾದ ಹೊಸತರಲ್ಲಿ, ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್‌ನಲ್ಲಿ. ಮಾವ ಕಾಗದದ ಕಾರ್ಖಾನೆಯಲ್ಲಿದ್ದರು. ಅತ್ತೆಗೆ ಪಂಚಾಂಗಕ್ಕಿಂತ ಕಾರ್ಖಾನೆಯ ಸೈರನ್ ಮೇಲೆ ಹೆಚ್ಚು ಭರವಸೆ. ಸಂಜೆಯ ಸೈರನ್ ಕೂಗಿದರೆ ದೀಪ ಹಚ್ಚುವ ಹೊತ್ತು. ದೇವರೂ ಅಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದ ಎಂದು ನಾನು ತಮಾಷೆ ಮಾಡುತ್ತಿದ್ದೆ. ಹಾಗೊಂದು ಸಂಜೆ ಎಲ್ಲ ಸಿದ್ಧ ಮಾಡಿಟ್ಟು ನಾನು ಹಿಂದೆ ಸರಿದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇಷ್ಟೆಲ್ಲಾ ಮಾಡಿದ್ಯಲ್ಲ, ಕಡ್ಡಿ ಗೀರೋಕೆ ಏನು ದಾಡಿ ಮಾರಾಯ್ತಿ?"

"ನಂಗೆ ನಂಬಿಕೆ ಇಲ್ಲ ಅತ್ತೆ. ಇಲ್ದೇ ಇರೋದನ್ನ ಇದೆ ಅಂತ ತೋರಿಸಿದ್ರೆ ನಿಮ್ಗೇ ಮೋಸ ಮಾಡ್ದಂಗಲ್ವಾ?"

ನನ್ನ ಸಂಸಾರ ಅವತ್ತೇ ಮುಗಿಯಿತು ಎಂದುಕೊಂಡಿದ್ದೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಬೆಂಕಿಪೊಟ್ಟಣ ಕೈಗೆತ್ತಿಕೊಂಡರು. "ಸರಿ, ಹಾಗಾದ್ರೆ ಎಣ್ಣೆನಾದ್ರೂ ಇನ್ನೊಂಚೂರು ಹಾಕು. ಜುಗ್ಗಿ ಥರ ಹಾಕಿದ್ದೀಯ" ಎಂದರು. ನಮ್ಮಿಬ್ಬರ ನಡುವಿನ ಧಾರ್ಮಿಕ ಚರ್ಚೆ ಅಲ್ಲಿಗೆ ಸಂಪನ್ನವಾಯಿತು.

ಮಾವ ತೀರಿಕೊಂಡ ಮೇಲೆ ಅತ್ತೆ ಶಿವಮೊಗ್ಗಕ್ಕೆ ಬಂದು ನಮ್ಮ ಜೊತೆಗೇ ಇದ್ದರು. ಬೀದಿಯ ಭಜನಾ ಮಂಡಳಿಗೆ ಸೇರಿದರು. ಒಂದು ದಿನ ಮಂಡಳಿ ನಮ್ಮ ಮನೆಯಲ್ಲೇ ಸೇರಿತ್ತು. ನಾನು ಅಡುಗೆಮನೆಯಲ್ಲಿ ಪ್ರಸಾದಕ್ಕೆಂದು ಕಾಯಿತುರಿ, ಸಕ್ಕರೆ ಸೇರಿಸಿ ಚರುಪು ಕಲಸುತ್ತಿದ್ದೆ. ಒಬ್ಬ ಹೆಂಗಸು "ನಿಮ್ಮ ಸೊಸೆಗೆ ದೇವರು ದಿಂಡರು ಏನೂ ಇಲ್ವಂತೆ ಹೌದಾ?" ಎಂದು ಕೇಳಿದ್ದು ಕಿವಿಗೆ ಬಿತ್ತು. ಅತ್ತೆ ತಾಳ ಕೆಳಗಿಟ್ಟ ಸದ್ದೂ ಕೇಳಿಸಿತು. "ದೇವರಿಲ್ಲ, ಹೌದು. ಸುಳ್ಳೂ ಇಲ್ಲ. ನಿಮ್ಮನೇಲಿ ಎರಡೂ ಇರಬಹುದು" ಎಂದರು. ಆ ದಿನ ಚರುಪಿಗೆ ನಾನು ಸಕ್ಕರೆ ಜಾಸ್ತಿ ಹಾಕಿದೆ.

ಕೊನೆಗಾಲದಲ್ಲಿ ಅವರ ಕೈ ನಡುಗುತ್ತಿತ್ತು. ಕಡ್ಡಿ ಪೊಟ್ಟಣದ ಬದಿಗೆ ತಾಗುತ್ತಿರಲಿಲ್ಲ, ತಾಗಿದರೆ ಮುರಿಯುತ್ತಿತ್ತು. ನಾನು ಅವರ ಮುಂಗೈ ಹಿಡಿದುಕೊಳ್ಳುತ್ತಿದ್ದೆ, ಅವರು ಗೀರುತ್ತಿದ್ದರು. "ಗೀರಿದ್ದು ನಾನು, ಗೊತ್ತಾಯ್ತಾ? ನಿನ್ನ ವ್ರತಕ್ಕೇನೂ ಭಂಗ ಇಲ್ಲ" ಎಂದು ನಗುತ್ತಿದ್ದರು. ನನ್ನ ನಾಸ್ತಿಕತೆಯನ್ನು ವ್ರತ ಎಂದು ಕರೆದವರು ಅವರೊಬ್ಬರೇ. ಆ ಮಾತು ನನಗೆ ಬಹಳ ಇಷ್ಟ.

ಅತ್ತೆಗೆ ಇನ್ನೊಂದು ನಿಯಮವಿತ್ತು. ತಾವು ಉಣ್ಣುವ ಮೊದಲು ತಾರಸಿಗೆ ಹೋಗಿ ಕಾಗೆಗಳಿಗೆ ಒಂದು ಹಿಡಿ ಅನ್ನ. ಸ್ಟೀಲ್ ತಟ್ಟೆಗೆ ಸೌಟಿನಿಂದ ಟಣಟಣ ಬಡಿದರೆ ಸಾಕು, ಎಲ್ಲಿದ್ದವೋ ಬಂದುಬಿಡುತ್ತಿದ್ದವು. ಪಿತೃಗಳು ಬರುತ್ತಾರೆ ಎನ್ನುತ್ತಿದ್ದರು ಅತ್ತೆ. ಕಾಗೆಗೆ ಮನುಷ್ಯರ ಮುಖದ ಗುರುತು ಇರುತ್ತದೆ, ಸದ್ದಿನ ನೆನಪಿರುತ್ತದೆ, ಅಪಾಯವನ್ನು ಅದು ಬೇಗ ಕಲಿಯುತ್ತದೆ, ಕಪ್ಪಗೆ ಜೋತಾಡುವ ವಸ್ತುವನ್ನು ಕಂಡರೆ ಸತ್ತ ಕಾಗೆಯೆಂದು ಹೆದರುತ್ತದೆ ಎಂದು ನಾನು ವಿವರಿಸುತ್ತಿದ್ದೆ. "ಅಷ್ಟು ಬುದ್ಧಿ ಇರೋದ್ರಿಂದ್ಲೇ ಪಿತೃಗಳು ಅದನ್ನ ಆರಿಸ್ಕೊಂಡಿದ್ದು" ಎಂದು ಅವರು ನನ್ನ ವಿಜ್ಞಾನವನ್ನೆಲ್ಲ ತಮ್ಮ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು.

ಅತ್ತೆ ಹೋದರು. ಹತ್ತನೇ ದಿನದ ಕ್ರಿಯೆ ಅವರ ಆಸೆಯಂತೆ ಭದ್ರಾವತಿಯಲ್ಲಿ, ಭದ್ರಾ ನದಿಯ ದಂಡೆಯಲ್ಲಿ ನಡೆಯಿತು. ಅವತ್ತು ಕಾಗೆಗೆಂದು ಪಿಂಡ ಇಡುತ್ತಾರೆ. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ. ಮುಟ್ಟದಿದ್ದರೆ ಯಾವುದೋ ಆಸೆ ಉಳಿದುಕೊಂಡಿದೆ ಎಂದು ಅರ್ಥ. ಆಗ ಬಂಧುಗಳು ಒಬ್ಬೊಬ್ಬರಾಗಿ ಬಂದು ಸತ್ತವರಿಗೆ ಮಾತು ಕೊಡಬೇಕು. ನಮ್ಮನೆಯವರು ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ ಪಿಂಡವಿಟ್ಟು ಕೈಮುಗಿದು ನಿಂತರು. ಎದುರಿನ ಮರದ ತುಂಬಾ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ.

ಬಿಸಿಲೇರಿತು. ಭಟ್ಟರು ಮಂತ್ರ ಮುಗಿಸಿ, ಮತ್ತೊಮ್ಮೆ ಹೇಳಿ, ಸುಮ್ಮನಾದರು. ಮೊಮ್ಮಕ್ಕಳನ್ನು ಚೆನ್ನಾಗಿ ಓದಿಸುತ್ತೇವೆ ಎಂದು ಒಬ್ಬರು ಮಾತು ಕೊಟ್ಟರು. ಬಿಟ್ಟುಹೋದ ಕಾಶಿಯಾತ್ರೆಯನ್ನು ನಿಮ್ಮ ಹೆಸರಲ್ಲಿ ಮಾಡುತ್ತೇವೆ ಎಂದು ಇನ್ನೊಬ್ಬರು. ಕಾಗೆಗಳು ಮರದ ಮೇಲೆ ಕೂತೇ ಎಲ್ಲವನ್ನೂ ಕೇಳಿಸಿಕೊಂಡವು. ಕಾಗೆ ಮುಟ್ಟದೆ ಯಾರಿಗೂ ಊಟವಿಲ್ಲ. ಮಾತ್ರೆ ನುಂಗಿ ಬಂದಿದ್ದ ಸಕ್ಕರೆ ಕಾಯಿಲೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನನ್ನ ಕಣ್ಣು ಮಾತ್ರ ಚಿಕ್ಕಪ್ಪನ ಕೊಡೆಯ ಮೇಲಿತ್ತು. ಚಿಕ್ಕಪ್ಪ ಎಂದರೆ ಮಾವನ ತಮ್ಮ, ಮನೆತನದ ಈಗಿನ ಹಿರಿಯರು. ಪಿಂಡದ ಹತ್ತಿರವೇ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ದೊಡ್ಡ ಕಪ್ಪು ಕೊಡೆ ಬಿಚ್ಚಿ ಕೂತಿದ್ದರು. ಹೊಳೆಯ ಗಾಳಿಗೆ ಅದು ಪಟಪಟ ಬಡಿದುಕೊಳ್ಳುತ್ತಿತ್ತು. ಒಂದು ಕಡ್ಡಿ ಮುರಿದು ಬಟ್ಟೆ ಒಂದು ಬದಿಗೆ ಜೋತುಬಿದ್ದಿತ್ತು.

"ಚಿಕ್ಕಪ್ಪ, ಕೊಡೆ ಸ್ವಲ್ಪ ಮಡಚ್ತೀರಾ? ಕಾಗೆ ಅದಕ್ಕೆ ಹೆದರ್ತಿರಬಹುದು" ಎಂದೆ.

ಅವರು ನನ್ನನ್ನು ನೋಡಿದ ರೀತಿಯಲ್ಲಿ ವರ್ಷಗಳ ಲೆಕ್ಕಾಚಾರವಿತ್ತು. "ಕೊಡೆಗಲ್ಲ ಕಣಮ್ಮ ವಸುಧಾ. ಎಲ್ಲರಿಗೂ ಗೊತ್ತಿರೋದನ್ನ ನಾನು ಬಾಯ್ಬಿಟ್ಟು ಹೇಳ್ತೀನಿ. ಅತ್ತಿಗೆಗೆ ಇದ್ದಿದ್ದು ಒಂದೇ ಕೊರಗು. ಸೊಸೆ ದೇವರ ಮುಂದೆ ದೀಪ ಹಚ್ಚಲಿಲ್ಲ ಅಂತ. ಇನ್ಮೇಲೆ ಹಚ್ತೀನಿ ಅಂತ ಒಂದು ಮಾತು ಹೇಳಿಬಿಡು. ಹಚ್ಚೋದು ಬಿಡೋದು ಆಮೇಲೆ ನೋಡೋಣ. ಬಾಯಲ್ಲಿ ಹೇಳೋಕೆ ಏನು ಕಷ್ಟ?"

ಎಲ್ಲರೂ ನನ್ನತ್ತ ತಿರುಗಿದರು. ಕಾಗೆಗಳೂ ತಿರುಗಿದವೆಂದು ನನಗನ್ನಿಸಿತು. ಚಿಕ್ಕಪ್ಪನೊಬ್ಬರೇ ಆಗಿದ್ದರೆ ನಾನು ಸಂಜೆಯವರೆಗೂ ವಾದಿಸುತ್ತಿದ್ದೆ. ಆದರೆ ನಮ್ಮನೆಯವರ ಮುಖ ನೋಡಿದೆ. ಅವರಿಗೆ ಇದು ಶಾಸ್ತ್ರವಲ್ಲ. ಅಮ್ಮ ಆ ಮರದ ಮೇಲೆ ಹಸಿದು ಕೂತಿದ್ದಾಳೆ, ಇಳಿದು ಬರಲಾಗುತ್ತಿಲ್ಲ ಎಂದು ಅವರು ನಿಜವಾಗಿ ನಂಬಿದ್ದರು. ಹನಿಗಣ್ಣಾಗಿದ್ದರು. ನನ್ನ ಒಂದು ಮಾತಿಗೆ ಆ ಸಂಕಟ ಮುಗಿಯುವುದಾದರೆ ಮುಗಿಯಲಿ ಎನಿಸಿತು. ಬಾಯಿ ತೆರೆದೆ ಕೂಡ.

ತೆರೆದ ಬಾಯಿಗೆ ಚರುಪಿನ ದಿನ ನೆನಪಾಯಿತು. 'ಸುಳ್ಳೂ ಇಲ್ಲ' ಎಂದು ಮಂಡಳಿಯ ಎದುರು ನನ್ನ ಪರವಾಗಿ ಹೇಳಿದ್ದವರು ಅತ್ತೆ. ಅವರ ಕೊನೆಯ ಅನ್ನದ ಮುಂದೆ ನಿಂತು, ಅವರ ಹೆಸರಲ್ಲೇ, ನಾನು ಮೊದಲ ಸುಳ್ಳು ಹೇಳುವುದೇ? ದೇವರಿಗೆ ಹೇಳದ ಸುಳ್ಳನ್ನು ಅತ್ತೆಗೆ ಹೇಳುವುದೇ?

"ಇಲ್ಲ ಚಿಕ್ಕಪ್ಪ, ಆ ಮಾತು ನಾನು ಹೇಳಲ್ಲ" ಎಂದೆ.

ಯಾರೋ ಲೊಚಗುಟ್ಟಿದರು. ಚಿಕ್ಕಪ್ಪ ಬಾಯಿ ತೆರೆಯುವ ಮೊದಲೇ ನಮ್ಮನೆಯವರು ಮಾತಾಡಿದರು. "ಬೇಡ ಚಿಕ್ಕಪ್ಪ. ಇವಳ ಬಾಯಲ್ಲಿ ಸುಳ್ಳು ಹೇಳಿಸಿ ಕರೆದ್ರೆ ಅಮ್ಮ ಖಂಡಿತಾ ಬರಲ್ಲ. ಅಮ್ಮಂಗೆ ಇವಳು ಗೊತ್ತು."

ನನ್ನ ದಾಂಪತ್ಯದಲ್ಲಿ ನಾನು ಕೇಳಿದ ಅತ್ಯಂತ ಪ್ರೀತಿಯ ಮಾತು ಅದು. ಅದನ್ನು ಹೇಳಲು ಅವರಿಗೆ ತಮ್ಮ ನಂಬಿಕೆ ಬಿಡಬೇಕಾಗಲಿಲ್ಲ, ನನಗೆ ಅದನ್ನು ಕೇಳಲು ನನ್ನ ಅಪನಂಬಿಕೆ ಬಿಡಬೇಕಾಗಲಿಲ್ಲ.

ಚಿಕ್ಕಪ್ಪನಿಗೆ ಸಿಟ್ಟು ಬಂತು. "ನಿಮ್ಮಿಷ್ಟ" ಎಂದು ಎದ್ದು, ಕೊಡೆಯನ್ನು ರಪ್ಪನೆ ಮಡಚಿ, ದಡದ ಮೇಲಕ್ಕೆ ಹೊರಟರು. ಅದೇ ಹೊತ್ತಿಗೆ ನಾನು ಪಿಂಡದ ಮುಂದೆ ಹೋಗಿ ಕೂತೆ. "ಅತ್ತೆ, ದೀಪ ನಾನು ಹಚ್ಚಲ್ಲ, ನಿಮ್ಗೂ ಗೊತ್ತು. ನಿಮ್ಮ ಕಾಗೆಗಳಿಗೆ ಮಾತ್ರ ದಿನಾ ಅನ್ನ ಹಾಕ್ತೀನಿ. ಇದು ಸತ್ಯ" ಎಂದೆ. ಎಲ್ಲರಿಗೂ ಕೇಳುವಂತೆಯೇ ಹೇಳಿದೆ. ಭಟ್ಟರು ಅದೇ ಹೊತ್ತಿಗೆ ಮಂತ್ರವನ್ನು ಮತ್ತೆ ಶುರುಮಾಡಿದರು.

ಕಾಗೆಯೊಂದು ಮರದಿಂದ ಇಳಿಯಿತು. ಕುಪ್ಪಳಿಸುತ್ತಾ ಬಂದು, ತಲೆ ಓರೆ ಮಾಡಿ ನೋಡಿ, ಪಿಂಡಕ್ಕೆ ಬಾಯಿ ಹಾಕಿತು.

ಊಟದ ಪಂಕ್ತಿಯಲ್ಲಿ ಅವರವರ ತೀರ್ಮಾನ ಅವರವರ ಎಲೆಯ ಮುಂದಿತ್ತು. ಭಟ್ಟರ ಪ್ರಕಾರ ಮಂತ್ರ ಫಲಿಸಿತ್ತು. ಚಿಕ್ಕಪ್ಪನ ಪ್ರಕಾರ ಅವರ ಒತ್ತಾಯದಿಂದಾಗಿ ನಾನು ಕೊನೆಗೂ ಏನೋ ಒಂದು ಮಾತು ಕೊಟ್ಟಿದ್ದೆ. ನಮ್ಮನೆಯವರ ಪ್ರಕಾರ ಸತ್ಯಕ್ಕೆ ಅಮ್ಮ ಬಂದಿದ್ದರು. ನಾನು ಕೊಡೆ, ಕೊಡೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಅನ್ನ ಕಲಸಿದೆ.

ಆದರೆ ಹುಡುಗರಿಗೆ ಪ್ರಯೋಗಾಲಯದಲ್ಲಿ ಜೀವಮಾನವಿಡೀ ಒಂದು ಮಾತು ಹೇಳಿದ್ದೇನೆ. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಫಲ ಯಾವುದರಿಂದ ಬಂತೆಂದು ಹೇಳುವ ಅಧಿಕಾರ ನಿಮಗಿಲ್ಲ. ಆ ದಡದಲ್ಲಿ ಕೊಡೆ ಮಡಚಿಕೊಂಡಿತ್ತು, ಮಾತು ಬಂದಿತ್ತು, ಮಂತ್ರ ಶುರುವಾಗಿತ್ತು, ಎಲ್ಲವೂ ಒಟ್ಟೊಟ್ಟಿಗೆ. ಇಂಥ ವರದಿಯನ್ನು ವಿದ್ಯಾರ್ಥಿಯೊಬ್ಬ ತಂದುಕೊಟ್ಟಿದ್ದರೆ ಕೆಂಪು ಗೀಟು ಎಳೆದು, ಮತ್ತೆ ಮಾಡಿ ತಾ ಎನ್ನುತ್ತಿದ್ದೆ. ಇದನ್ನು ಮತ್ತೆ ಮಾಡುವಂತಿಲ್ಲ. ನನಗಿದ್ದದ್ದು ಒಬ್ಬರೇ ಅತ್ತೆ.

ಕೊಡೆಯೇ ಕಾರಣ ಎಂದು ನನ್ನ ಬಲವಾದ ಊಹೆ. ಊಹೆಯನ್ನು ಊಹೆ ಎಂದೇ ಹೇಳುವುದು ನನ್ನ ವ್ರತದ ಇನ್ನೊಂದು ಭಾಗ. ಕಾಣದ್ದನ್ನು ಕಂಡೆ ಎನ್ನಬಾರದು ಎಂಬ ನಿಯಮ ಭಕ್ತರಿಗೆ ಮಾತ್ರ ಹಾಕಿ, ನನಗೆ ರಿಯಾಯಿತಿ ಕೊಟ್ಟುಕೊಂಡರೆ ಹೇಗೆ?

ಕೊಟ್ಟ ಮಾತಿನ ಪ್ರಕಾರ ದಿನಾ ತಾರಸಿಗೆ ಹೋಗುತ್ತೇನೆ. ಸೌಟಿನಿಂದ ತಟ್ಟೆ ಬಡಿದ ಮೊದಲ ದಿನಗಳಲ್ಲಿ ಕಾಗೆಗಳು ದೂರದ ನೀರಿನ ಟ್ಯಾಂಕಿನ ಮೇಲೆ ಕೂತು ನನ್ನನ್ನು ಅನುಮಾನದಿಂದ ನೋಡಿದವು. ಸದ್ದು ಅದೇ, ಮುಖ ಬೇರೆ. ಈಗ ಒಗ್ಗಿಕೊಂಡಿವೆ. ಅವುಗಳಲ್ಲಿ ಒಂದು ಅನ್ನವನ್ನು ಕೊಕ್ಕಿನಲ್ಲಿ ಎತ್ತಿ, ಕೆಳಗೆ ಹಾಕಿ, ನನ್ನ ಮುಖ ನೋಡುತ್ತದೆ. ಅನ್ನ ಮುದ್ದೆಯಾದ ದಿನ ಅತ್ತೆ ಹೀಗೇ ಮಾಡುತ್ತಿದ್ದರು. ನನಗೆ ಪುನರ್ಜನ್ಮದಲ್ಲಿ ನಂಬಿಕೆಯಿಲ್ಲ. ಆದರೂ ಕುಕ್ಕರಿಗೆ ನೀರು ಕಡಿಮೆ ಇಡತೊಡಗಿದ್ದೇನೆ.

ಸಂಜೆಯ ದೀಪ ಈಗ ನಮ್ಮನೆಯವರ ಪಾಲು. ಮೊನ್ನೆ ಎಲ್ಲ ಸಿದ್ಧ ಮಾಡಿ, ಬೆಂಕಿಪೊಟ್ಟಣ ಪಕ್ಕದಲ್ಲಿಟ್ಟು, ಎಂದಿನಂತೆ ಹಿಂದೆ ಸರಿದೆ. ಅವರು ಕಡ್ಡಿ ಕೈಯಲ್ಲಿ ಹಿಡಿದು ನನ್ನತ್ತ ತಿರುಗಿದರು.

"ನಿಜ ಹೇಳು ವಸು. ಅವತ್ತು ಕೊಡೆನಾ, ಅಮ್ಮನಾ?"

"ಗೊತ್ತಿಲ್ಲ" ಎಂದೆ.

ಅವರು "ನಂಗೂ ಗೊತ್ತಿಲ್ಲ ಮಾರಾಯ್ತಿ" ಎಂದು ಕಡ್ಡಿ ಗೀರಿದರು. ಜ್ವಾಲೆ ಗಾಳಿಗೆ ಬಳುಕಿತು. ನಾನು ಹೋಗಿ ಹಜಾರದ ಫ್ಯಾನು ಆರಿಸಿದೆ.